ಮೊದಲು ಕುರಿಯನ್ನು ನೋಡಿ

ಕುರಿನಾಯಿ ಟ್ರಯಲ್, ಅಂದರೆ ಕುರಿ ನಡೆಸುವ ನಾಯಿಗಳ ಸ್ಪರ್ಧೆ ಅಂದ ಕೂಡಲೇ ಎಲ್ಲರ ಕಣ್ಣೂ ನಾಯಿಯ ಮೇಲೆ ಹೋಗುತ್ತದೆ. ಕಪ್ಪುಬಿಳುಪಿನ ಬಾರ್ಡರ್ ಕೋಲಿ ಹುಲ್ಲಿಗೆ ಮೈ ತಾಗುವಷ್ಟು ತಗ್ಗಿ ಓಡುವುದು, ಒಂದೇ ಒಂದು ಸೀಟಿಗೆ ನೆಲ ಕಚ್ಚಿ ಮಲಗುವುದು ನೋಡಲು ಸೊಗಸೇ ಸರಿ. ಆದರೆ ಅಂಕ ಕೊಡುವ ತೀರ್ಪುಗಾರರ ಕಡೆ ಒಮ್ಮೆ ತಿರುಗಿ ನೋಡಿ. ಅವರ ಕಣ್ಣು ಬಹುಪಾಲು ಕುರಿಗಳ ಮೇಲೇ ಇರುತ್ತದೆ. ಕುರಿ ನೇರ ಗೆರೆ ಹಿಡಿದು ಬರುತ್ತಿದೆಯೇ, ಅಂಕುಡೊಂಕಾಗುತ್ತಿದೆಯೇ? ನಡೆಯುತ್ತಿದೆಯೇ, ಓಡುತ್ತಿದೆಯೇ? ಗುಂಪು ಬಿಗಿಯಾಗಿದೆಯೇ, ಒಂದು ಕುರಿ ಹಿಂದೆ ಹಿಂದೆ ತಿರುಗಿ ನೋಡುತ್ತಿದೆಯೇ? ನಾಯಿಯ ಕೆಲಸ ಹೇಗಿದೆ ಎಂಬುದು ಕುರಿಯ ನಡಿಗೆಯಲ್ಲಿ ಬರೆದಿರುತ್ತದೆ. ಆದ್ದರಿಂದ ನಾಯಿಯನ್ನು ಪಳಗಿಸುವ ಮಾತಿಗೆ ಮೊದಲು ಕುರಿಯ ಮಾತನ್ನೇ ಆಡೋಣ.

ಮೇಯುತ್ತಿರುವ ಒಂದು ಕುರಿಯ ಕಡೆ ನಿಧಾನವಾಗಿ ನಡೆದು ಹೋಗಿ. ದೂರದಲ್ಲಿದ್ದಾಗ ಅದು ನಿಮ್ಮನ್ನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಸ್ವಲ್ಪ ಹತ್ತಿರವಾದಾಗ ಮೇವು ಬಿಟ್ಟು ತಲೆ ಎತ್ತುತ್ತದೆ, ಎರಡೂ ಕಿವಿ ನಿಮ್ಮ ಕಡೆ ತಿರುಗುತ್ತವೆ. ಇನ್ನೆರಡು ಹೆಜ್ಜೆ ಇಟ್ಟರೆ ಮೈ ತಿರುಗಿಸಿ ಹೊರಡುತ್ತದೆ. ತಲೆ ಎತ್ತಿಸಿದ ದೂರಕ್ಕೂ ಓಡಿಸಿದ ದೂರಕ್ಕೂ ನಡುವೆ ಒಂದು ಪಟ್ಟಿ ಇದೆಯಲ್ಲ, ನಮ್ಮ ಕೆಲಸವೆಲ್ಲ ನಡೆಯುವುದು ಆ ಪಟ್ಟಿಯೊಳಗೆ. ಇದನ್ನು ಬೆದರುವ ಅಂತರ ಎಂದು ಕರೆಯೋಣ. ನಾಯಿ ಅದರ ಅಂಚಿನಲ್ಲಿದ್ದರೆ ಕುರಿ ನಡೆಯುತ್ತದೆ, ಒಳಗೆ ನುಗ್ಗಿದರೆ ಓಡುತ್ತದೆ. ತೀರಾ ಒಳಗೆ ನುಗ್ಗಿ ಓಡಲು ದಾರಿಯನ್ನೂ ಕೊಡದಿದ್ದರೆ ಕುರಿ ತಿರುಗಿ ನಿಂತು ಕಾಲು ಅಪ್ಪಳಿಸುತ್ತದೆ, ತಲೆ ಬಗ್ಗಿಸಿ ಗುದ್ದಲು ಬರುತ್ತದೆ.

ಈ ಅಂತರ ಎಲ್ಲ ಕುರಿಗಳಿಗೂ ಒಂದೇ ಅಲ್ಲ. ಸ್ಕಾಟಿಷ್ ಬ್ಲ್ಯಾಕ್‌ಫೇಸ್, ಸ್ವೇಲ್‌ಡೇಲ್‌ನಂಥ ಗುಡ್ಡದ ತಳಿಗಳು ಹಗುರ. ನಾಯಿ ಬಹಳ ದೂರದಲ್ಲಿರುವಾಗಲೇ ಜಾಗ ಬಿಡುತ್ತವೆ. ಸಫೋಕ್, ಟೆಕ್ಸೆಲ್‌ನಂಥ ಭಾರದ ತಳಿಗಳು ನಾಯಿ ತೀರಾ ಹತ್ತಿರ ಬಂದರೂ ನಿಂತೇ ಇರಬಹುದು. ಒಂದೇ ತಳಿಯಲ್ಲೂ ಮರಿ ಜೊತೆಗಿರುವ ತಾಯಿ ಬೇರೆ, ಒಂಟಿ ಕುರಿ ಬೇರೆ. ಬೆಳಗಿನ ತಂಪಿನಲ್ಲಿ ಚುರುಕಾಗಿದ್ದ ಗುಂಪು ಮಧ್ಯಾಹ್ನದ ಬಿಸಿಲಿಗೆ ಜಡವಾಗುತ್ತದೆ. ಕುರಿಯ ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಅದಕ್ಕೆ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮಾತ್ರ ಕಾಣದು. ಭುಜದ ಹಿಂದಿನಿಂದ ಒತ್ತಡ ಬಂದರೆ ಮುಂದಕ್ಕೆ ಹೋಗುತ್ತದೆ, ಭುಜದ ಮುಂದೆ ಬಂದರೆ ನಿಲ್ಲುತ್ತದೆ ಅಥವಾ ತಿರುಗುತ್ತದೆ. ನಾಯಿಗೆ ಹೇಳುವ ಪ್ರತಿ ಆಜ್ಞೆಯೂ ಕೊನೆಗೆ ಕುರಿಯ ಭುಜದ ಯಾವ ಬದಿಗೆ ಒತ್ತಡ ಹಾಕಬೇಕು ಎಂಬುದಕ್ಕೇ ಬಂದು ನಿಲ್ಲುತ್ತದೆ.

ಈ ಸ್ಪರ್ಧೆಯ ಬೇರು ಇರುವುದು ಗುಡ್ಡಗಾಡಿನ ದಿನದಿನದ ಕೆಲಸದಲ್ಲಿ. 1873ರ ಅಕ್ಟೋಬರ್ 9ರಂದು ವೇಲ್ಸ್‌ನ ಬಾಲಾ ಎಂಬಲ್ಲಿ ಅಲ್ಲಿನ ಜಮೀನ್ದಾರ ರಿಚರ್ಡ್ ಜಾನ್ ಲಾಯ್ಡ್ ಪ್ರೈಸ್ ನಡೆಸಿದ್ದು ಬ್ರಿಟನ್ನಿನ ಮೊದಲ ದಾಖಲಿತ ಟ್ರಯಲ್. ಗೆದ್ದದ್ದು ವೇಲ್ಸ್‌ನಲ್ಲಿ ನೆಲೆಸಿದ್ದ ಸ್ಕಾಟ್ಲೆಂಡ್ ಮೂಲದ ಥಾಮ್ಸನ್ ಮತ್ತು ಅವರ ನಾಯಿ ಟ್ವೀಡ್. 1906ರಲ್ಲಿ ಇಂಟರ್‌ನ್ಯಾಷನಲ್ ಶೀಪ್ ಡಾಗ್ ಸೊಸೈಟಿ ಹುಟ್ಟಿತು. ಇಂದಿಗೂ ನಾಯಿಗಳ ವಂಶಾವಳಿ ದಾಖಲೆಯನ್ನೂ ಟ್ರಯಲ್ ನಿಯಮಗಳನ್ನೂ ನೋಡಿಕೊಳ್ಳುವ ಪ್ರಮುಖ ಸಂಸ್ಥೆ ಅದೇ. ಇವೆರಡರ ನಡುವೆ ಬರುವ ಒಂದು ನಾಯಿಯನ್ನು ನೆನೆಯದೆ ಮುಂದೆ ಹೋಗಲಾಗದು. 1893ರಲ್ಲಿ ನಾರ್ಥಂಬರ್ಲೆಂಡ್‌ನ ಆ್ಯಡಂ ಟೆಲ್ಫರ್ ಅವರಲ್ಲಿ ಹುಟ್ಟಿದ ಓಲ್ಡ್ ಹೆಂಪ್. ಬೊಗಳಿ, ಮೇಲೆ ಬಿದ್ದು ಕುರಿ ಅಟ್ಟುವ ನಾಯಿಗಳೇ ಹೆಚ್ಚಿದ್ದ ಕಾಲದಲ್ಲಿ ಅದು ಸದ್ದಿಲ್ಲದೆ, ಬರೀ ನೋಟದಿಂದ ಕುರಿಯನ್ನು ಹಿಡಿದಿಡುತ್ತಿತ್ತು. ಈಗಿನ ಬಾರ್ಡರ್ ಕೋಲಿಗಳ ವಂಶವನ್ನು ಹಿಂದೆ ಹಿಂದೆ ಹುಡುಕುತ್ತ ಹೋದರೆ ಹೆಚ್ಚುಕಡಿಮೆ ಎಲ್ಲವೂ ಅದರ ಬಳಿ ಬಂದು ಸೇರುತ್ತವೆ. ಹಳಬರು ಮೆಚ್ಚಿ ಉಳಿಸಿಕೊಂಡ ಗುಣ ಯಾವುದು ಗಮನಿಸಿ: ಕುರಿಯನ್ನು ಬೆದರಿಸದೆ ನಡೆಸುವ ಗುಣ.

ಆ ನೋಟದ ಬಗ್ಗೆ ಎರಡು ಮಾತು. ನೋಟ ಗಟ್ಟಿಯಾಗಿದ್ದಷ್ಟೂ ಒಳ್ಳೆಯದು ಎಂದು ಹೊಸಬರು ಅಂದುಕೊಳ್ಳುತ್ತಾರೆ. ತೀರಾ ಗಟ್ಟಿಯಾದರೆ ನಾಯಿ ಕುರಿಯನ್ನು ದಿಟ್ಟಿಸುತ್ತ ಕಲ್ಲಾಗಿ ನಿಂತುಬಿಡುತ್ತದೆ, ಮುಂದೆ ಬಾ ಎಂದರೂ ಬರುವುದಿಲ್ಲ. ತೀರಾ ಸಡಿಲವಾದರೆ ಕುರಿಯ ಸುತ್ತ ಗಿರಗಿರನೆ ತಿರುಗುತ್ತಲೇ ಇರುತ್ತದೆ, ಎಲ್ಲಿ ನಿಲ್ಲಬೇಕೆಂಬ ಅಳತೆ ಸಿಗುವುದಿಲ್ಲ. ಮೊದಲ ನಾಯಿ ತರುವವರಿಗೆ ಮಧ್ಯಮ ನೋಟದ, ಕೆಲಸ ಮಾಡಿ ತೋರಿಸಿದ ತಂದೆತಾಯಿಯ ಮರಿ ಸಾಕು. ಅದಕ್ಕಿಂತ ಒಳ್ಳೆಯದು ಸ್ವಲ್ಪ ಪಳಗಿದ ನಾಯಿ. ಇಬ್ಬರೂ ಹೊಸಬರಾದರೆ ತಪ್ಪು ಯಾರದೆಂದು ಇಬ್ಬರಿಗೂ ತಿಳಿಯುವುದಿಲ್ಲ.

ನಾಯಿಮರಿಯು ಕುರಿ ಕಂಡೊಡನೆ ಕಣ್ಣು ನೆಟ್ಟಿತೆಂದು ಅದನ್ನು ಕುರಿಯ ನಡುವೆ ಬಿಡಬೇಡಿ. ಕುರಿಗಿಂತ ವೇಗವಾಗಿ ಓಡಿ ಅದರ ತಲೆಯ ಕಡೆಗೆ ಬರುವಷ್ಟು ಕಾಲಬಲ ಬರಬೇಕು. ಸಾಮಾನ್ಯವಾಗಿ 8ರಿಂದ 12 ತಿಂಗಳ ನಡುವೆ ಅದು ಬರುತ್ತದೆ. ಅದಕ್ಕೂ ಮುಂಚೆ ಕುರಿಯ ಹಿಂದೆ ಬಿದ್ದು ಹಿಡಿಯಲಾಗದ ಮರಿ ಅಟ್ಟಿಸಿಕೊಂಡು ಓಡುವುದನ್ನೇ ಆಟವೆಂದು ಕಲಿಯುತ್ತದೆ. ಇಲ್ಲವೇ ಒಂದು ಗುದ್ದು ತಿಂದು ಹೆದರಿಕೊಳ್ಳುತ್ತದೆ. ಕಾಯುವ ಆ ತಿಂಗಳುಗಳಲ್ಲಿ ಕಲಿಸಬೇಕಾದದ್ದು ಎರಡೇ: ಕರೆದರೆ ಬರುವುದು, ಹೇಳಿದಲ್ಲಿ ನಿಲ್ಲುವುದು ಅಥವಾ ಮಲಗುವುದು.

ಮೊದಲ ಪಾಠಕ್ಕೆ ಸುಮಾರು 30–40 ಮೀಟರ್ ಅಗಲದ, ಚೂಪಾದ ಮೂಲೆಗಳಿಲ್ಲದ ಬೇಲಿ ಹಾಕಿದ ಜಾಗ ಬೇಕು. ಮೂಲೆ ಇದ್ದರೆ ಕುರಿಗಳು ಅಲ್ಲಿ ಹೋಗಿ ಒತ್ತಿಕೊಳ್ಳುತ್ತವೆ. ಎಳೆಯ ನಾಯಿ ಬೇಲಿಗೂ ಕುರಿಗೂ ನಡುವೆ ನುಸುಳಲು ಹೆದರಿ, ಬಾಯಿ ಹಾಕುತ್ತದೆ. ಕುರಿಗಳು 5ರಿಂದ 8 ಇರಲಿ, ನಾಯಿ ಕಂಡು ಅಭ್ಯಾಸವಿರುವ ದೊಡ್ಡ ಕುರಿಗಳಿರಲಿ. ಎರಡು ಮೂರೇ ಇದ್ದರೆ ಬೇಗ ಗಾಬರಿಯಾಗಿ ಚದುರುತ್ತವೆ. ನಾಯಿಯ ಕುತ್ತಿಗೆಗೆ ಕೆಲವು ಮೀಟರ್ ಉದ್ದದ ಹಗುರ ಹಗ್ಗ ಕಟ್ಟಿ ನೆಲದ ಮೇಲೆ ಎಳೆದಾಡಲು ಬಿಡಿ. ಅದು ನಾಯಿಯನ್ನು ಜಗ್ಗಲು ಅಲ್ಲ, ಪಾಠ ಮುಗಿದಾಗ ಮೇಲೆ ಕಾಲಿಟ್ಟು ಹಿಡಿಯಲು. ಹೊಸ ನಾಯಿ ಕುರಿ ಬಿಟ್ಟು ಬರಲು ಒಪ್ಪುವುದಿಲ್ಲ. ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಪಾಠವೆಲ್ಲ ಹಾಳು.

ಈಗ ಒಂದು ಗಡಿಯಾರವನ್ನು ಮನಸ್ಸಿಗೆ ತಂದುಕೊಳ್ಳಿ. ನಡುವೆ ಕುರಿಗಳು, ನೀವು 6ರಲ್ಲಿ. ಸಹಜ ಗುಣವಿರುವ ನಾಯಿ ಸುತ್ತಿ ಹೋಗಿ 12ರಲ್ಲಿ ನಿಲ್ಲಲು ನೋಡುತ್ತದೆ, ಕುರಿಗಳನ್ನು ನಿಮ್ಮ ಕಡೆ ತಳ್ಳಲು. ನೀವು 4ಕ್ಕೆ ಸರಿದರೆ ಅದು 10ಕ್ಕೆ ಸರಿಯುತ್ತದೆ. ಇದಕ್ಕೆ ಬ್ಯಾಲೆನ್ಸ್ ಎನ್ನುತ್ತಾರೆ. ಇದನ್ನು ನಾವು ಕಲಿಸುವುದಿಲ್ಲ, ಹೊರತೆಗೆಯುತ್ತೇವೆ ಅಷ್ಟೇ. ಮೊದಮೊದಲು ನಾಯಿಗೆ ಏನೂ ಹೇಳದೆ ನೀವೇ ಓಡಾಡಿ, ಅದು ತಾನಾಗಿ ಎದುರು ಬದಿ ಹಿಡಿಯುವಂತೆ ಮಾಡಿ. ನಿಲ್ಲು ಎಂಬ ಆಜ್ಞೆಯನ್ನು ಅದು 12ರಲ್ಲಿದ್ದಾಗ ಮಾತ್ರ ಕೊಡಿ. ಅಲ್ಲಿ ಕುರಿ ತನ್ನ ಹಿಡಿತದಲ್ಲಿದೆ ಎಂಬ ನೆಮ್ಮದಿ ನಾಯಿಗಿರುತ್ತದೆ, ನಿಲ್ಲುವುದು ಸುಲಭ. 9ರಲ್ಲೋ 3ರಲ್ಲೋ ನಿಲ್ಲು ಎಂದರೆ ಕುರಿ ಕೈತಪ್ಪುತ್ತಿರುವುದು ಅದಕ್ಕೆ ಕಾಣುತ್ತಿರುತ್ತದೆ. ಮಾತು ಮೀರುತ್ತದೆ, ಮೀರುವುದನ್ನು ಕಲಿಯುತ್ತದೆ. ಪಾಠ 5–10 ನಿಮಿಷ ಸಾಕು.

ಆ ನಿಮಿಷಗಳಲ್ಲಿ ಬಾಲದ ಮೇಲೆ ಕಣ್ಣಿಡಿ. ಬಾಲ ಹಿಂಗಾಲಿನ ನಡುವೆ ಕೆಳಗೆ ಇಳಿಬಿದ್ದಿದ್ದರೆ ನಾಯಿ ಯೋಚಿಸುತ್ತಿದೆ. ಬಾಲ ಮೇಲೆದ್ದು ಬಾವುಟವಾದರೆ ತಲೆ ಬಿಸಿಯಾಗಿದೆ, ಮುಂದಿನ ಕ್ಷಣ ಒಳಗೆ ನುಗ್ಗುತ್ತದೆ. ನುಗ್ಗಿದ ಮೇಲೆ ಕೂಗಿ ಫಲವಿಲ್ಲ. ಬಾಲ ಏಳುವಾಗಲೇ ಒಂದು ಹೆಜ್ಜೆ ಅದರ ಭುಜದ ಕಡೆ ಇಟ್ಟು ದಾರಿ ಅಡ್ಡಗಟ್ಟಿ. ಅದು ಹೊರಕ್ಕೆ ಬಾಗಿದ ತಕ್ಷಣ ನೀವು ಹಿಂದೆ ಸರಿಯಿರಿ. ಈ ಹಿಂದೆ ಸರಿಯುವುದನ್ನು ಬಹಳ ಜನ ಮರೆಯುತ್ತಾರೆ. ಕುರಿಯ ಮೇಲೆ ನಾಯಿ ಒತ್ತಡ ಹಾಕಿ ಬಿಡುವಂತೆಯೇ ನಾಯಿಯ ಮೇಲೆ ನಾವು ಒತ್ತಡ ಹಾಕಿ ಬಿಡಬೇಕು. ಬಿಡದಿದ್ದರೆ ತಾನು ಮಾಡಿದ್ದು ಸರಿ ಎಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ದಿಕ್ಕಿನ ಆಜ್ಞೆಗಳು ಎರಡು. 'ಕಮ್ ಬೈ' ಎಂದರೆ ಕುರಿಗಳ ಸುತ್ತ ಗಡಿಯಾರದ ಮುಳ್ಳಿನ ದಿಕ್ಕಿಗೆ, 'ಅವೇ' ಎಂದರೆ ಅದಕ್ಕೆ ವಿರುದ್ಧ. ಎಡ ಬಲ ಎಂದೇಕೆ ಹೇಳುವುದಿಲ್ಲ ಎಂದು ಕೇಳಬಹುದು. ನಾಯಿ ನಿಮಗೆ ಎದುರಾಗಿ ಬರುವಾಗ ಒಂದು ಎಡ, ಬೆನ್ನು ಹಾಕಿ ಹೋಗುವಾಗ ಇನ್ನೊಂದು ಎಡ. ಸುತ್ತುವ ದಿಕ್ಕು ಮಾತ್ರ ಎಲ್ಲಿಂದ ನೋಡಿದರೂ ಕುರಿಗಳ ಮಟ್ಟಿಗೆ ಅದೇ. ಆದರೂ ಗೊಂದಲವಾಗುವುದು ನಮಗೆ. ನಾಯಿ 12ರಲ್ಲಿ ನಿಂತು ಕುರಿ ತರುವಾಗ 'ಕಮ್ ಬೈ' ಎಂದರೆ ಅದು ನಮ್ಮ ಬಲಕ್ಕೆ ಸರಿದು ಕುರಿ ಎಡಕ್ಕೆ ವಾಲುತ್ತದೆ. ಅದೇ ನಾಯಿ ನಮ್ಮ ಮುಂದೆ ಇದ್ದು ಕುರಿಯನ್ನು ಆಚೆಗೆ ಹೊಡೆಯುವಾಗ 'ಕಮ್ ಬೈ' ಎಂದರೆ ನಮ್ಮ ಎಡಕ್ಕೆ ಸರಿದು ಕುರಿ ಬಲಕ್ಕೆ ಹೋಗುತ್ತದೆ. ಮೇಜಿನ ಮೇಲೆ ಐದು ಗುಂಡಿ, ಒಂದು ನಾಣ್ಯ ಇಟ್ಟುಕೊಂಡು ಇದನ್ನು ಅಭ್ಯಾಸ ಮಾಡಿ, ನಾಚಿಕೆ ಬೇಡ. ನಾಯಿಗೆ ಈ ಮಾತುಗಳನ್ನು ಕಲಿಸುವ ದಾರಿ ಒಂದೇ: ಅದು ಆ ಕಡೆ ಹೊರಟಾಗಲೇ ಆ ಮಾತು ಆಡುವುದು. ಇವುಗಳ ಜೊತೆಗೆ ನೆಲ ಹಿಡಿಯಲು 'ಲೈ ಡೌನ್', ಕುರಿಯ ಕಡೆ ನೇರ ನಡೆಯಲು 'ವಾಕ್ ಅಪ್', ನಿಧಾನಕ್ಕೆ 'ಸ್ಟೆಡಿ', ಕೆಲಸ ಬಿಟ್ಟು ಬರಲು 'ದಟ್ ವಿಲ್ ಡೂ'.

ಸೀಟಿ ಬರುವುದು ಆಮೇಲೆ. ಮಡಚಿದ ಲೋಹದ ತಗಡಿನ, ಎರಡು ತೂತಿನ ಚಿಕ್ಕ ಸೀಟಿ ಅದು. ತುಟಿಯ ನಡುವೆ ಹಿಡಿದು ನಾಲಗೆಯಿಂದ ಸ್ವರ ಏರಿಳಿಸಬೇಕು. ಒಂದೇ ಸ್ವರ ಪ್ರತಿಸಲವೂ ಒಂದೇ ರೀತಿ ಬರುವ ತನಕ ನಾಯಿಯ ಕಿವಿಗೆ ಬೀಳದ ಕಡೆ ಅಭ್ಯಾಸ ಮಾಡಿ. ನಾಯಿಯ ಮುಂದೆ ಹತ್ತು ಬಗೆಯಾಗಿ ಊದಿದರೆ ಅದು ಹತ್ತನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಬಿಡುತ್ತದೆ. ಕಲಿಸುವಾಗ ಮೊದಲು ಸೀಟಿ, ಹಿಂದೆಯೇ ಗೊತ್ತಿರುವ ಮಾತು. ತಿರುಗಾಮುರುಗಾ ಮಾಡಿದರೆ ನಾಯಿ ಮಾತಿಗೇ ಕೆಲಸ ಮಾಡಿ ಮುಗಿಸಿರುತ್ತದೆ, ಸೀಟಿ ಕೇಳುವ ಅಗತ್ಯವೇ ಅದಕ್ಕೆ ಇರುವುದಿಲ್ಲ.

ಇನ್ನು ಕಣಕ್ಕೆ ಬರೋಣ. ರಾಷ್ಟ್ರೀಯ ಮಟ್ಟದ ಟ್ರಯಲ್ ಎಂದರೆ 5 ಕುರಿ, 15 ನಿಮಿಷ, ಸುಮಾರು 400 ಗಜ ದೂರ. ಔಟ್‌ರನ್‌ಗೆ (ಕುರಿಗಳ ಹಿಂದೆ ಮುಟ್ಟುವ ಓಟ) 20 ಅಂಕ, ಲಿಫ್ಟ್‌ಗೆ (ಕುರಿಗಳನ್ನು ಹೊರಡಿಸುವುದು) 10, ಫೆಚ್‌ಗೆ (ನಿಮ್ಮ ಬಳಿ ತರುವುದು) 20, ಡ್ರೈವ್‌ಗೆ (ಆಚೆಗೆ ಹೊಡೆಯುವುದು) 30, ಶೆಡ್‌ಗೆ (ಗುಂಪಿನಿಂದ ಬೇರ್ಪಡಿಸುವುದು) 10, ಪೆನ್‌ಗೆ (ದೊಡ್ಡಿಗೆ ಸೇರಿಸುವುದು) 10. ಕೊನೆಗೆ ಒಂಟಿ ಕುರಿ ಬೇರ್ಪಡಿಸುವುದು ಸೇರಿದರೆ ಅದಕ್ಕೆ ಇನ್ನೂ 10. ಪ್ರತಿ ಹಂತಕ್ಕೂ ಪೂರ್ತಿ ಅಂಕದಿಂದ ಆರಂಭಿಸಿ ತಪ್ಪಿಗೆ ತಕ್ಕಂತೆ ಕಳೆಯುತ್ತಾರೆ. ನಾಯಿ ವಿನಾಕಾರಣ ಕುರಿಗೆ ಬಾಯಿ ಹಾಕಿದರೆ ಅಲ್ಲಿಗೆ ಓಟ ಮುಗಿಯಿತು. ಸಮಯ ಮೀರಿದರೆ ಅದುವರೆಗೆ ಗಳಿಸಿದ ಅಂಕ ಉಳಿಯುತ್ತದೆ, ಮುಗಿಸದ ಹಂತದ್ದು ಹೋಗುತ್ತದೆ.

ಔಟ್‌ರನ್ ಎಂದರೆ ನಾಯಿ ನಿಮ್ಮ ಕಾಲ ಬುಡದಿಂದ ಹೊರಟು, ಕುರಿಗಳನ್ನು ದೂರದಿಂದ ಬಳಸಿ, ಅವುಗಳ ಹಿಂದೆ ಮುಟ್ಟುವ ಓಟ. ಆಕಾರ ಪೇರ್ ಹಣ್ಣಿನಂತಿರಬೇಕು, ನಿಮ್ಮ ಬಳಿ ಕಿರಿದು, ಕುರಿಯ ಬಳಿ ಅಗಲ. ಎಳೆಯ ನಾಯಿಗಳು ಮೇಲ್ಭಾಗದಲ್ಲಿ ಒಳಕ್ಕೆ ಕತ್ತರಿಸುತ್ತವೆ. ಕುರಿ ನಾಯಿ ಬರುವ ಮೊದಲೇ ಹೊರಟುಬಿಡುತ್ತದೆ. ಇದನ್ನು 400 ಗಜದಲ್ಲಿ ತಿದ್ದಲಾಗದು. 30 ಮೀಟರಿನಲ್ಲಿ, ನೀವು ಕುರಿಯ ಹತ್ತಿರವಿದ್ದು, ಅದು ಒಳಕ್ಕೆ ಬಾಗುವ ಜಾಗಕ್ಕೆ ನಡೆದುಹೋಗಿ ಹೊರಕ್ಕೆ ಒತ್ತಿ ತಿದ್ದಬೇಕು. 30ರಲ್ಲಿ ಆಕಾರ ಕೂತ ಮೇಲೆ 50, ಆಮೇಲೆ 80. ಒಂದು ದೂರದಲ್ಲಿ ಕೆಟ್ಟರೆ ಮತ್ತೆ ಹಿಂದಕ್ಕೆ. ಅವಸರಪಟ್ಟು ದೂರ ಹೆಚ್ಚಿಸುವುದೇ ಔಟ್‌ರನ್ ಕೆಡಲು ಮುಖ್ಯ ಕಾರಣ. ಕಣದಲ್ಲಿ ಅತಿ ದೊಡ್ಡ ತಪ್ಪು ದಾಟುವುದು: ಎಡಕ್ಕೆ ಬಿಟ್ಟ ನಾಯಿ ನಿಮಗೂ ಕುರಿಗೂ ನಡುವಿನ ಗೆರೆ ದಾಟಿ ಬಲಕ್ಕೆ ಹೋದರೆ ಆ 20ರಲ್ಲಿ ಬಹುಪಾಲು ಹೋಯಿತು. ಹೆಚ್ಚಿನ ಸಲ ಇದಕ್ಕೆ ಕಾರಣ ನಾಯಿಗೆ ಕುರಿ ಕಾಣದೆ ಇರುವುದು. ಬಿಡುವ ಮೊದಲು ಅದನ್ನು ನೀವು ಕಳಿಸುವ ಬದಿಯಲ್ಲೇ ನಿಲ್ಲಿಸಿ, ಅದರ ಮೂಗಿನ ಗೆರೆ ಹಿಡಿದು ನೋಡಿ. ಕಿವಿ ನಿಮಿರಿ ಮೈ ಬಿಗಿಯಾಯಿತೇ? ಕಂಡಿದೆ, ಬಿಡಿ. ಕಣ್ಣು ಅತ್ತಿತ್ತ ಓಡಾಡುತ್ತಿದೆಯೇ? ಇನ್ನೂ ಕಂಡಿಲ್ಲ.

ಲಿಫ್ಟ್‌ಗೆ ಇರುವುದು ಹತ್ತೇ ಅಂಕ, ನಡೆಯುವುದು ಕೆಲವೇ ಸೆಕೆಂಡು. ಆದರೆ ಇಡೀ ಓಟದ ಹಣೆಬರಹ ಅಲ್ಲೇ ಬರೆಯಲ್ಪಡುತ್ತದೆ. ಸ್ವಲ್ಪ ಹತ್ತಿರದಿಂದ ನೋಡೋಣ. ಐದು ಕುರಿ ತಲೆ ತಗ್ಗಿಸಿ ನಿಂತಿವೆ. ನಾಯಿ ಹಿಂದೆ ಬಂದು ನಿಲ್ಲುತ್ತದೆ. ಒಂದು ಕುರಿ ತಲೆ ಎತ್ತುತ್ತದೆ, ಸಾಮಾನ್ಯವಾಗಿ ಅದೇ ಮುಂದಾಳು. ಅದರ ಕಿವಿ ಹಿಂದಕ್ಕೆ ತಿರುಗುತ್ತದೆ, ತಲೆ ಒಂದು ಬದಿಗೆ ಹೊರಳುತ್ತದೆ, ಆಮೇಲೆ ಮೈ. ನಾಯಿ ಮೆಲ್ಲಗೆ ಎರಡು ಹೆಜ್ಜೆ ಇಡುತ್ತದೆ. ಮುಂದಾಳು ನಡೆಯತೊಡಗುತ್ತದೆ, ಉಳಿದ ನಾಲ್ಕು ಅದರ ಹಿಂದೆ ಸೇರಿಕೊಳ್ಳುತ್ತವೆ. ಇಲ್ಲಿ ಕುರಿಗೂ ನಾಯಿಗೂ ಪರಿಚಯವಾಯಿತು. ಈ ನಾಯಿ ಮೇಲೆ ಬೀಳುವುದಿಲ್ಲ, ಆದರೆ ಬಿಡುವುದೂ ಇಲ್ಲ ಎಂದು ಕುರಿಗಳಿಗೆ ತಿಳಿಯಿತು. ಅದೇ ನಾಯಿ ರಭಸದಿಂದ ಬಂದು ಅಪ್ಪಳಿಸಿದರೆ ಐದೂ ಬೆಚ್ಚಿ ಓಡುತ್ತವೆ. ಹಾಗೆ ಓಡಿದ ಕುರಿ ಆ 15 ನಿಮಿಷದಲ್ಲಿ ಮತ್ತೆ ನಂಬುವುದು ಕಷ್ಟ. ಹತ್ತು ನಿಮಿಷದ ನಂತರ ಪೆನ್ನಿನ ಬಾಯಲ್ಲಿ ಅವು ಸಿಡಿದು ಹೋದರೆ ತಪ್ಪು ಅಲ್ಲಿಯದಲ್ಲ, ಲಿಫ್ಟ್‌ನದು.

ನಾಯಿ 12ರಲ್ಲೇ ನಿಲ್ಲಬೇಕು ಎಂಬುದೂ ಪೂರ್ತಿ ನಿಜವಲ್ಲ. ಕುರಿಗಳಿಗೆ ಯಾವತ್ತೂ ಒಂದು ಸೆಳೆತ ಇರುತ್ತದೆ: ತಾವು ಬಂದ ದೊಡ್ಡಿಯ ಕಡೆಗೋ, ಜೊತೆಗಾರ ಹಿಂಡಿನ ಕಡೆಗೋ, ಇಳಿಜಾರಿಗೋ. ಸೆಳೆತ ನಿಮ್ಮ ಬಲಕ್ಕಿದ್ದರೆ ನಾಯಿ 1ರಲ್ಲೋ 2ರಲ್ಲೋ ನಿಂತರೆ ಮಾತ್ರ ಕುರಿ ನೇರ ಬರುತ್ತದೆ. ನಿಮಗಿಂತ ಮೊದಲು ಓಡಿದ ನಾಲ್ಕಾರು ನಾಯಿಗಳ ಓಟವನ್ನು ಕೂತು ನೋಡಿ. ಪ್ರತಿಸಲವೂ ಕುರಿಗಳು ಎಲ್ಲಿ ಬಾಗುತ್ತವೆ, ಎಲ್ಲಿ ವೇಗ ಹೆಚ್ಚುತ್ತದೆ ಎಂದು ಗುರುತು ಹಾಕಿಕೊಳ್ಳಿ. ತನ್ನ ಸರದಿ ಬರುವ ತನಕ ಮಾತಾಡುತ್ತ ನಿಂತವರು ಆ ಬಾಗಿನಲ್ಲಿ ಅಂಕ ಕಳೆದುಕೊಳ್ಳುತ್ತಾರೆ.

ಫೆಚ್‌ನಲ್ಲಿ ಕುರಿ ನೇರ ನಿಮ್ಮೆಡೆಗೆ ಬರಬೇಕು, ನಿಮ್ಮಿಂದ 150 ಗಜ ದೂರದಲ್ಲಿ 7 ಗಜ ಅಗಲದ ಗೇಟಿನ ನಡುವೆ ಹಾಯಬೇಕು. ಇಲ್ಲಿ ಒಂದು ಲೆಕ್ಕ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 400 ಗಜ ಎಂದರೆ 366 ಮೀಟರ್. ನೀವು ಊದಿದ ಸೀಟಿ ಲಿಫ್ಟ್ ಜಾಗದಲ್ಲಿರುವ ನಾಯಿಗೆ ಮುಟ್ಟಲು ಒಂದು ಸೆಕೆಂಡಿಗಿಂತ ಹೆಚ್ಚು ಬೇಕು. ಅದು ಕೇಳಿ ತಿರುಗಲು ಇನ್ನೊಂದಿಷ್ಟು, ಕುರಿ ಅದಕ್ಕೆ ಮಣಿಯಲು ಮತ್ತೊಂದಿಷ್ಟು. ಅಷ್ಟರಲ್ಲಿ ಕುರಿ ಹಲವು ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಕುರಿ ಗೆರೆ ತಪ್ಪಿದ ಮೇಲೆ ಊದಿದರೆ ತಡವಾಯಿತು, ಮುಂದಾಳಿನ ತಲೆ ಹೊರಳಿದಾಗಲೇ ಊದಬೇಕು. ತಲೆ ಹೋದ ಕಡೆ ಮೈ, ಮೈ ಹೋದ ಕಡೆ ಗುಂಪು. ತಡವಾಗಿ ಊದಿ, ಅತಿಯಾಗಿ ತಿದ್ದಿ, ಮತ್ತೆ ಇತ್ತ ಎಳೆದು ಕುರಿಯನ್ನು ಹಾವಿನಂತೆ ತರುವವರೇ ಜಾಸ್ತಿ. ಗೇಟು ತಪ್ಪಿದರೆ ಮರಳಿ ಪ್ರಯತ್ನಿಸಲು ಅವಕಾಶವಿಲ್ಲ. ಮುಂದಿನ ಗೆರೆ ಹಿಡಿದು ನಡೆಯಿರಿ.

ಫೆಚ್‌ನಲ್ಲಿ ಮತ್ತೆ ಮತ್ತೆ ಕಾಣುವ ಇನ್ನೊಂದು ದೋಷ ನಾಯಿಯ ಬದಿಯೋಟದ್ದು. ಬದಿಗೆ ಹೋಗು ಎಂದಾಗ ಅದು ಮೊದಲು ಕುರಿಯಿಂದ ಮುಖ ತಿರುಗಿಸಿ, ಅದೇ ಅಂತರ ಕಾಯ್ದುಕೊಂಡು ಸುತ್ತಬೇಕು. ಮೂಗು ಕುರಿಯ ಕಡೆಗಿಟ್ಟುಕೊಂಡೇ ಓರೆಯಾಗಿ ಸರಿದರೆ ಪ್ರತಿ ತಿದ್ದುಪಡಿಗೂ ಕುರಿ ಒಂದು ಜಿಗಿತ ಮುಂದೆ ಹೋಗುತ್ತದೆ. ಕುರಿಗಳೇಕೆ ಓಡುತ್ತಿವೆ ಎಂದು ಗೊತ್ತಾಗದೆ ನಾಯಿ ನಡೆಸುವ ಹ್ಯಾಂಡ್ಲರ್ ನಿಧಾನ ನಿಧಾನ ಎಂದು ಊದುತ್ತಿರುತ್ತಾರೆ. ಕಾರಣ ವೇಗವಲ್ಲ, ಓರೆ. ಮನೆಯಲ್ಲಿ ನಾಯಿಯನ್ನು ಮೊದಲು ನಿಲ್ಲಿಸಿ, ಆಮೇಲೆ ಬದಿಗೆ ಕಳಿಸಿ, ಒಳಕ್ಕೆ ಬಾಗಿದರೆ ಅದರ ಭುಜದ ಕಡೆ ನಡೆದು ಹೊರಕ್ಕೆ ತಿದ್ದಬೇಕು.

ಕುರಿಗಳು ನಿಮ್ಮ ಬೆನ್ನ ಹಿಂದೆ, ನೀವು ನಿಲ್ಲುವ ಜಾಗದ ಗೂಟ ಬಳಸಿ ತಿರುಗಿದ ಮೇಲೆ ಡ್ರೈವ್. ಕುರಿಯನ್ನು ನಿಮ್ಮ ಬಳಿ ತರುವುದು ನಾಯಿಯ ರಕ್ತದಲ್ಲೇ ಇದೆ, ನಿಮ್ಮಿಂದ ದೂರ ಹೊಡೆದುಕೊಂಡು ಹೋಗುವುದು ಅದಕ್ಕೆ ತಲೆಕೆಳಗಿನ ಕೆಲಸ. ಕಲಿಸುವಾಗ ನಾಯಿಯ ಪಕ್ಕದಲ್ಲೇ ನೀವೂ ಕುರಿಯ ಹಿಂದೆ ನಡೆಯಿರಿ. ಹತ್ತು ಹೆಜ್ಜೆ ನೇರ ನಡೆದರೆ ನಿಲ್ಲಿಸಿ, ಹೊಗಳಿ, ಕುರಿಯನ್ನು ಸುತ್ತಿ ತರಲು ಬಿಡಿ. ಅದಕ್ಕೆ ಅದೇ ಬಹುಮಾನ. ನಿಧಾನಕ್ಕೆ ನೀವು ಹಿಂದೆ ಉಳಿಯುತ್ತ ಬನ್ನಿ. ಕಣದಲ್ಲಿ ಡ್ರೈವ್ ತ್ರಿಕೋನಾಕಾರ: ಆಚೆಗೆ ಒಂದು ಗೇಟು, ಅಡ್ಡಕ್ಕೆ ಇನ್ನೊಂದು, ಅಲ್ಲಿಂದ ಶೆಡ್ ನಡೆಯುವ ವೃತ್ತಕ್ಕೆ. ಅಡ್ಡಹಾದಿಯಲ್ಲಿ ಕಣ್ಣು ಮೋಸ ಮಾಡುತ್ತದೆ. ಪಕ್ಕದಿಂದ ನೋಡುವಾಗ ಕುರಿ ಗೇಟಿನ ಸಾಲಿನಲ್ಲಿದೆಯೇ, ಅದಕ್ಕಿಂತ ಹತ್ತಿರದಲ್ಲಿದೆಯೇ ತಿಳಿಯುವುದಿಲ್ಲ. ಅದಕ್ಕೇ ಅನೇಕರ ಕುರಿ ಗೇಟಿನ ಕೆಳಗೋ ಮೇಲೋ ಜಾರಿಹೋಗುತ್ತದೆ. ಹುಲ್ಲಿನ ಬಣ್ಣದ ಬದಲಾವಣೆ, ಒಂದು ಕಳೆಗಿಡ, ಹಿಂದಿನ ಬೇಲಿಯ ಕಂಬ, ಇಂಥ ಒಂದು ಗುರುತು ಮೊದಲೇ ಹಿಡಿದಿಟ್ಟುಕೊಳ್ಳಿ. ಕೊನೆಯ ಕುರಿಯ ಬಾಲ ಗೇಟು ದಾಟುವ ತನಕ ತಿರುಗಿಸಬೇಡಿ.

ಡ್ರೈವ್ ಮುಗಿಯುವ ತನಕ ನೀವು ಗೂಟ ಬಿಟ್ಟು ಹೋಗುವಂತಿಲ್ಲ. ಶೆಡ್‌ಗೆ ಮಾತ್ರ 40 ಗಜ ವ್ಯಾಸದ ವೃತ್ತಕ್ಕೆ ನಡೆದು ಬರುತ್ತೀರಿ. ಐದರಲ್ಲಿ ಎರಡನ್ನು ಬೇರ್ಪಡಿಸಬೇಕು. ಒಂದು ಬದಿಗೆ ನೀವು, ಎದುರು ಬದಿಗೆ ನಾಯಿ, ನಡುವೆ ಕುರಿಗಳು ಸಾಲಾಗಿ ಹರಿಯುವಂತೆ ಬಿಡಿ. ಎರಡನೆಯದಕ್ಕೂ ಮೂರನೆಯದಕ್ಕೂ ಸಂದು ಕಂಡ ಕ್ಷಣ ನಾಯಿಯನ್ನು ಆ ಸಂದಿನೊಳಗಿಂದ ನಿಮ್ಮ ಬಳಿ ಕರೆಯಬೇಕು. ಕುರಿಯನ್ನು ನೀವೇ ಕೈಬೀಸಿ ಬೇರೆ ಮಾಡಿ ಆಮೇಲೆ ನಾಯಿಯನ್ನು ಕರೆದರೆ ಅಂಕ ಕಳೆಯುತ್ತಾರೆ. ಕಲಿಸಲು ಐದು ಕುರಿ ಸಾಲದು, 15–20 ಇರಲಿ, ಸಂದು ಎತ್ತಿನ ಗಾಡಿ ಹೋಗುವಷ್ಟು ಅಗಲವಿರಲಿ. ನಾಯಿ ಒಳಗೆ ಬಂದ ಮೇಲೆ ಬೇರ್ಪಟ್ಟ ಕುರಿಗಳನ್ನು ಸ್ವಲ್ಪ ದೂರ ಹೊಡೆಯಲು ಬಿಡಿ. ಬಂದ ಕೂಡಲೇ ಮತ್ತೆ ಗುಂಪು ಸೇರಿಸಿದರೆ ತಾನು ಮಾಡಿದ್ದು ವ್ಯರ್ಥ ಎಂದು ಅದಕ್ಕೆ ಅನ್ನಿಸುತ್ತದೆ.

ಪೆನ್ ಎಂದರೆ 9 ಅಡಿಗೆ 8 ಅಡಿಯ ಚಿಕ್ಕ ದೊಡ್ಡಿ, 8 ಅಡಿಯ ಗೇಟು, ಗೇಟಿಗೆ 6 ಅಡಿ ಹಗ್ಗ. ಹಗ್ಗ ಹಿಡಿದ ಮೇಲೆ ಬಾಗಿಲು ಮುಚ್ಚುವ ತನಕ ಬಿಡುವಂತಿಲ್ಲ, ಕೋಲಿನಿಂದಾಗಲಿ ಕೈಯಿಂದಾಗಲಿ ಕುರಿ ಮುಟ್ಟುವಂತಿಲ್ಲ. ಕುರಿಗಳು ಬಾಯಿಯ ಮುಂದೆ ಬಂದು ನಿಂತಾಗ ಎಲ್ಲರೂ ಮಾಡುವ ತಪ್ಪು ಒಂದೇ, ಮುಂದೆ ನುಗ್ಗುವುದು. ಮುಂದಾಳಿನ ತಲೆ ನೋಡಿ. ಅದು ನಾಯಿಯನ್ನು ದಿಟ್ಟಿಸುತ್ತಿದ್ದರೆ ನಾಯಿಯನ್ನು ಮಲಗಿಸಿ. ನಿಮ್ಮನ್ನು ದಿಟ್ಟಿಸುತ್ತಿದ್ದರೆ ನೀವು ಅರ್ಧ ಹೆಜ್ಜೆ ಹಿಂದೆ ಸರಿದು ಕಣ್ಣು ಬೇರೆ ಕಡೆ ಹೊರಳಿಸಿ, ನಿಮ್ಮ ನೋಟವೂ ಒತ್ತಡವೇ. ಒಂದೆರಡು ಸೆಕೆಂಡಿನಲ್ಲಿ ಅದು ಬೇರೆ ದಾರಿ ಹುಡುಕುತ್ತ ತಲೆಯನ್ನು ದೊಡ್ಡಿಯ ಒಳಗಡೆ ತಿರುಗಿಸುತ್ತದೆ. ಆಗ, ಆಗ ಮಾತ್ರ ನಾಯಿಗೆ ಒಂದು ಹೆಜ್ಜೆ. ಕುರಿ ಒಂದು ಕಾಲು ಒಳಗಿಟ್ಟರೆ ಮತ್ತೆ ನಿಲ್ಲಿಸಿ. ಹೀಗೆ ಕಾಲುಕಾಲಾಗಿ ಸೇರಿದ ಕುರಿ ತಾನಾಗಿಯೇ ಒಳಗೆ ಹೋದಂತೆ ಹೋಗುತ್ತದೆ.

ಇವೆಲ್ಲ ದಾಟಿದವರಿಗೆ ಅಂತರರಾಷ್ಟ್ರೀಯ ಸುಪ್ರೀಂ ಎಂಬ ದೊಡ್ಡ ಸ್ಪರ್ಧೆ ಇದೆ. 30 ನಿಮಿಷ, ಹತ್ತು ಹತ್ತರ ಎರಡು ಗುಂಪು, ಸುಮಾರು 800 ಗಜ. ಮೊದಲ ಹತ್ತನ್ನು ತಂದು ಬಿಟ್ಟು, 'ಲುಕ್ ಬ್ಯಾಕ್' ಎಂದಾಗ ನಾಯಿ ಕೈಯಲ್ಲಿರುವ ಕುರಿಗೆ ಬೆನ್ನು ಹಾಕಿ, ಕಾಣದ ಇನ್ನೊಂದು ಗುಂಪಿಗೆ ಹೋಗಬೇಕು. ಕೊನೆಗೆ ಇಪ್ಪತ್ತರಲ್ಲಿ ಕುತ್ತಿಗೆಗೆ ಪಟ್ಟಿ ಕಟ್ಟಿದ ಐದನ್ನು ಮಾತ್ರ ಉಳಿಸಿಕೊಂಡು ಪೆನ್ ಮಾಡಬೇಕು. 1965ರಲ್ಲಿ ಅದನ್ನು ಗೆದ್ದ ವಿಸ್ಟನ್ ಕ್ಯಾಪ್ ಎಂಬ ನಾಯಿಯ ಹೆಸರು ಇಂದಿಗೂ ನೂರಾರು ವಂಶಾವಳಿಗಳಲ್ಲಿ ಸಿಗುತ್ತದೆ.

ಮೊದಲ ಟ್ರಯಲ್‌ಗೆ ಹೋಗುವವರಿಗೆ ಒಂದು ವಿಷಯ ಬಾಕಿ ಇದೆ. ಓಟ ಕೆಟ್ಟರೆ, ನಾಯಿ ಮಾತು ಮೀರತೊಡಗಿದರೆ ಅಥವಾ ಕುರಿ ಬಳಲಿದರೆ, ಸಮಯ ಮುಗಿಯುವ ತನಕ ಎಳೆಯಬೇಕಿಲ್ಲ. ತೀರ್ಪುಗಾರರಿಗೆ ಸನ್ನೆ ಮಾಡಿ ನಿವೃತ್ತರಾಗಬಹುದು. ಅಂಕ ಇರುವುದಿಲ್ಲ ಅಷ್ಟೇ. ಅದರಲ್ಲೂ ಬಿಸಿಲಿನ ದಿನ ನಾಯಿಯ ಮೇಲೆ ಕಣ್ಣಿರಲಿ. ನಾಲಗೆ ಅಗಲವಾಗಿ ಹೊರಚಾಚಿ ತುದಿ ಚಮಚದಂತೆ ಮಡಚಿಕೊಂಡರೆ, ತಿರುಗುವಾಗ ಹಿಂಗಾಲು ಓಲಾಡಿದರೆ, ಗೊತ್ತಿರುವ ಆಜ್ಞೆಗೂ ಮಂಕಾಗಿ ನಿಂತರೆ ಆ ಕ್ಷಣವೇ 'ದಟ್ ವಿಲ್ ಡೂ' ಎಂದು ಕರೆಯಿರಿ. ಇಂಥ ನಾಯಿಗಳು ಬೀಳುವ ತನಕ ಕೆಲಸ ಬಿಡುವುದಿಲ್ಲ, ನಿಲ್ಲಿಸಬೇಕಾದವರು ನಾವು. ನೆರಳಿಗೆ ಕರೆದೊಯ್ದು ಹೊಟ್ಟೆ, ತೊಡೆಸಂದು, ಪಾದಗಳಿಗೆ ತಣ್ಣೀರು ಹಾಕಿ. ಕುಡಿಯಲು ಸ್ವಲ್ಪ ಸ್ವಲ್ಪವೇ ಕೊಡಿ. ಉಸಿರು ಸಮಕ್ಕೆ ಬರುವ ತನಕ ಮುಚ್ಚಿದ ವಾಹನದೊಳಗೆ ಹಾಕಬೇಡಿ.